ಅಕ್ಷರ ಒಂದು ಕಡೆ, ಟ್ರೀ ಇನ್ನೊಂದು ಕಡೆ

(ಒಂದು ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಮಾಹಿತಿಯನ್ನೂ ಅದು ಮಾಡುವ ಕೆಲಸವನ್ನೂ ಒಟ್ಟಿಗೆ ಆಬ್ಜೆಕ್ಟ್ ಅನ್ನುವ ತುಂಡುಗಳಲ್ಲಿ ಇಟ್ಟು ಕೋಡ್ ಬರೆಯುವ ಕ್ರಮ) ಅಂದ ಕೂಡಲೇ ನಮ್ಮ ಪಾಠಗಳಲ್ಲಿ ಬರುವುದು ಬ್ಯಾಂಕ್ ಅಕೌಂಟು, ಇಲ್ಲಾಂದ್ರೆ ನಾಯಿ ಬೆಕ್ಕು. ಅವುಗಳಿಂದ ಸಿಂಟ್ಯಾಕ್ಸ್ ಕಲಿಯಬಹುದು. ಆದರೆ ಯಾವುದನ್ನು ಆಬ್ಜೆಕ್ಟ್ ಮಾಡಬೇಕು, ಯಾವುದನ್ನು ಮಾಡಬಾರದು ಅನ್ನುವ ನಿರ್ಧಾರ ಎಷ್ಟು ಕಷ್ಟದ್ದು ಅಂತ ಅಲ್ಲಿ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಟೆಕ್ಸ್ಟ್ ಎಡಿಟರ್ ಒಂದರ ಒಳಗೆ ಇಣುಕಿ ನೋಡಬೇಕು. ಬರೀ ಅಕ್ಷರ ಟೈಪ್ ಮಾಡುವ ಎಡಿಟರ್ ಸಾಲದು. ಬೋಲ್ಡ್, ಇಟಾಲಿಕ್, ಬಣ್ಣ, ಹೆಡಿಂಗ್, ಟೇಬಲ್ ಎಲ್ಲ ಇರುವ ಎಡಿಟರ್ ಬೇಕು. ಅಂಥ ಡಾಕ್ಯುಮೆಂಟನ್ನು ಮೆಮೊರಿಯಲ್ಲಿ ಹೇಗೆ ಇಡುತ್ತೀರಿ ಅನ್ನುವುದೇ ಇವತ್ತಿನ ವಿಷಯ.

ಮೊದಲು ಹೊಳೆಯುವ ಉತ್ತರ ಸುಲಭದ್ದು. ಪ್ರತಿ ಅಕ್ಷರವೂ ಒಂದು ಆಬ್ಜೆಕ್ಟ್. ಅದಕ್ಕೆ ತನ್ನ ಫಾಂಟ್, ತನ್ನ ಸೈಜ್, ತನ್ನ ಬಣ್ಣ ಗೊತ್ತು. ಅಕ್ಷರಗಳೆಲ್ಲ ಸೇರಿ ಒಂದು ಸಾಲು, ಸಾಲುಗಳು ಸೇರಿ ಒಂದು ಕಾಲಂ. ಎಲ್ಲಕ್ಕೂ ಒಂದೇ ಇಂಟರ್‌ಫೇಸ್ (ಹೊರಗಿನಿಂದ ಏನೇನು ಕೇಳಬಹುದು ಅನ್ನುವ ಪಟ್ಟಿ), ಹಾಗಾಗಿ "ನಿನ್ನನ್ನು ನೀನೇ ಬರೆದುಕೋ" ಅಂತ ಮೇಲಿನ ನೋಡ್‌ಗೆ (ಇಂಥ ರಚನೆಯ ಒಂದೊಂದು ವಸ್ತುವಿಗೂ ನೋಡ್ ಅನ್ನುತ್ತಾರೆ) ಹೇಳಿದರೆ ಅದು ಕೆಳಗಿನವುಗಳಿಗೆ ಹೇಳುತ್ತದೆ. ಇದನ್ನೇ ಕಾಂಪೊಸಿಟ್ ಪ್ಯಾಟರ್ನ್ ಅನ್ನುವುದು. ಇದು ಬರೀ ಪುಸ್ತಕದ ಕಲ್ಪನೆಯಲ್ಲ. ಪಾಲ್ ಕಾಲ್ಡರ್ ಮತ್ತು ಮಾರ್ಕ್ ಲಿಂಟನ್ ಅನ್ನುವವರು 1990ರಲ್ಲಿ ಒಂದು ಪ್ರಬಂಧ ಬರೆದರು. ಅಕ್ಷರ ಅಕ್ಷರವನ್ನೂ ಆಬ್ಜೆಕ್ಟ್ ಮಾಡಿದರೂ ಎಡಿಟರ್ ಓಡುತ್ತದೆ ಅಂತ ಅವರು ಮಾಡಿ ತೋರಿಸಿದರು. ಉಪಾಯ ಏನೆಂದರೆ ಒಂದೇ ಸ್ಟೈಲಿನ ಒಂದೇ ಅಕ್ಷರಕ್ಕೆ ಒಂದೇ ಆಬ್ಜೆಕ್ಟ್, ಅದನ್ನೇ ಡಾಕ್ಯುಮೆಂಟ್ ತುಂಬ ಹಂಚಿಕೊಳ್ಳುವುದು. 1,80,000 ಅಕ್ಷರಗಳ ಡಾಕ್ಯುಮೆಂಟ್‌ಗೆ ಅವರಿಗೆ ಬೇಕಾದದ್ದು ಬರೀ 480 ಅಕ್ಷರ ಆಬ್ಜೆಕ್ಟ್‌ಗಳು. ಫ್ಲೈವೇಟ್ ಪ್ಯಾಟರ್ನ್ ಅಂತ ನೀವು ಓದುತ್ತೀರಲ್ಲ, ಅದರ ಹಿಂದೆ ಇರುವ ಕೆಲಸ ಇದು.

ಆದರೆ ಗಮನಿಸಿ. ಆಬ್ಜೆಕ್ಟ್ ಹಂಚಿಕೊಳ್ಳಬೇಕು ಅಂದರೆ ಅದರೊಳಗೆ ಜಾಗದ ಮಾಹಿತಿ ಇರುವಂತಿಲ್ಲ. ಸ್ಟೈಲ್ ಸ್ಟೈಲಿಗೂ ಬೇರೆ ಆಬ್ಜೆಕ್ಟ್ ಬೇಡ, ಒಂದು ಅಕ್ಷರಕ್ಕೆ ಒಂದೇ ಸಾಕು ಅಂದರೆ ಸ್ಟೈಲ್ ಕೂಡ ಇರುವಂತಿಲ್ಲ. ನೂರು ಕಡೆ ಬಳಕೆಯಾಗುವ 'ಕ' ಆಬ್ಜೆಕ್ಟ್‌ಗೆ "ನೀನು ಕೆಂಪು" ಅಂತ ಹೇಳಿದರೆ ನೂರು ಕಡೆಯೂ ಕೆಂಪಾಗುತ್ತದೆ. ಹಾಗಾಗಿ ಎಲ್ಲಿಂದ ಎಲ್ಲಿಯವರೆಗೆ ಯಾವ ಫಾಂಟ್ ಅನ್ನುವುದನ್ನು ಹೊರಗಡೆ ಬೇರೆ ರಚನೆಯಲ್ಲಿ ಇಡಲೇಬೇಕು. ಅಷ್ಟಾದ ಮೇಲೆ ಅಕ್ಷರ ಆಬ್ಜೆಕ್ಟ್ ಒಳಗೆ ಉಳಿಯುವುದೇನು? ಇದು ಯಾವ ಅಕ್ಷರ ಅಂತ ಹೇಳುವ ಸಂಖ್ಯೆ, ಅಂದರೆ ಕ್ಯಾರೆಕ್ಟರ್ ಕೋಡ್ ಒಂದೇ. ಹಾಗಿದ್ದರೆ ಅದನ್ನು ಆಬ್ಜೆಕ್ಟ್ ಮಾಡುವ ಬದಲು ಸುಮ್ನೆ ಒಂದು ಅರೇಯಲ್ಲಿ (ಸಾಲಾಗಿ ಜೋಡಿಸಿದ ಖಾನೆಗಳಲ್ಲಿ) ಇಟ್ಟರಾಯಿತಲ್ವಾ?

ಜಾವಾ ಭಾಷೆಯಲ್ಲಿ ಕಿಟಕಿ, ಬಟನ್, ಎಡಿಟರ್ ಥರದ ಪರದೆಯ ಭಾಗಗಳನ್ನು ಕಟ್ಟಲು ಇರುವ ಸ್ವಿಂಗ್ ಲೈಬ್ರರಿ ಮಾಡಿದ್ದು ಇದನ್ನೇ. ಸ್ವಿಂಗ್ ಈಗ ಹಳೆಯದು, ಹೊಸ ಕೆಲಸಕ್ಕೆ ಅದನ್ನು ಆರಿಸಿಕೊಳ್ಳುವವರು ಕಡಿಮೆ. ಆದರೂ ಅದರ ಟೆಕ್ಸ್ಟ್ ಪ್ಯಾಕೇಜನ್ನು ನಾನು ಎಲ್ಲರಿಗೂ ಓದಿ ಅಂತ ಹೇಳುತ್ತೇನೆ. ಸೋರ್ಸ್ ಕೋಡ್ ಪೂರ್ತಿ ಸಿಗುತ್ತದೆ, ಕಾಮೆಂಟ್‌ಗಳು ಚೆನ್ನಾಗಿವೆ, ಮತ್ತು ಸ್ಟೈಲ್ ಇರುವ ಪಠ್ಯದ ಸಮಸ್ಯೆಗಳು ಎಲ್ಲವೂ ಅಲ್ಲಿ ಕಣ್ಣಿಗೆ ಕಾಣುತ್ತವೆ.

ಅಲ್ಲಿ ಡಾಕ್ಯುಮೆಂಟ್ ಅಂದರೆ ಎರಡು ವಸ್ತು. ಒಂದು, ಅಕ್ಷರಗಳ ಉದ್ದನೆಯ ಸಾಲು. ಅದರಲ್ಲಿ ಬೋಲ್ಡ್ ಇಲ್ಲ, ಪ್ಯಾರಾ ಇಲ್ಲ, ಏನೂ ಇಲ್ಲ. ಇನ್ನೊಂದು, ಎಲಿಮೆಂಟ್ ಟ್ರೀ, ಅಂದರೆ ಎಲಿಮೆಂಟ್ ಅನ್ನುವ ನೋಡ್‌ಗಳು ಒಂದರ ಕೆಳಗೆ ಒಂದು ಕವಲೊಡೆಯುವ ರಚನೆ. ಎಲಿಮೆಂಟ್ ಇಂಟರ್‌ಫೇಸ್ ತೆರೆದು ನೋಡಿ: ನಿನ್ನ ಹೆಸರೇನು, ಪೇರೆಂಟ್ ಯಾರು, ಮಕ್ಕಳು ಎಷ್ಟು, ನೀನು ಲೀಫ್ (ಮಕ್ಕಳಿಲ್ಲದ ತುದಿ) ಹೌದಾ, ನಿನ್ನ ಆಟ್ರಿಬ್ಯೂಟ್‌ಗಳು (ಬೋಲ್ಡ್, ಬಣ್ಣದಂಥ ಗುಣಗಳು) ಯಾವುವು, ಎಲ್ಲಿ ಶುರುವಾಗುತ್ತೀಯ, ಎಲ್ಲಿ ಮುಗಿಯುತ್ತೀಯ. ಇಷ್ಟನ್ನು ಕೇಳಬಹುದು. "ನಿನ್ನೊಳಗಿನ ಪಠ್ಯ ಕೊಡು" ಅಂತ ಕೇಳುವ ಮೆಥಡ್ ಅದರಲ್ಲಿ ಇಲ್ಲ! ಎಲಿಮೆಂಟ್ ಹತ್ತಿರ ಪಠ್ಯವೇ ಇಲ್ಲ, ಎರಡು ಸಂಖ್ಯೆಗಳು ಮಾತ್ರ ಇವೆ. ಪಠ್ಯ ಬೇಕಾದರೆ ಆ ಸಂಖ್ಯೆಗಳನ್ನು ಹಿಡಿದು ಡಾಕ್ಯುಮೆಂಟನ್ನು ಕೇಳಬೇಕು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಎರಡು ಪ್ಯಾರಾ ಇವೆ ಅಂದುಕೊಳ್ಳಿ. ಮೊದಲನೆಯದು "ನಾಳೆ ಬೆಳಗ್ಗೆ ಸಭೆ ಇದೆ", ಎರಡನೆಯದು "ಎಲ್ಲರೂ ಬನ್ನಿ". ಯೂನಿಕೋಡ್ ಲೆಕ್ಕದಲ್ಲಿ 'ನಾಳೆ' ಅನ್ನುವುದು ನಾಲ್ಕು ಕ್ಯಾರೆಕ್ಟರ್: ನ, ದೀರ್ಘ, ಳ, ಎತ್ವ. 'ಬೆಳಗ್ಗೆ' ಏಳು. ಹೀಗೆ ಎಣಿಸುತ್ತಾ ಹೋದರೆ ಮೊದಲ ಪ್ಯಾರಾ, ಕೊನೆಯ ನ್ಯೂಲೈನ್ ಸೇರಿ, 0ಯಿಂದ 21ರವರೆಗೆ. ಎರಡನೆಯದು 21ರಿಂದ 34ರವರೆಗೆ (ಕೊನೆಯ ಸಂಖ್ಯೆಯ ಜಾಗ ಲೆಕ್ಕಕ್ಕೆ ಸೇರುವುದಿಲ್ಲ). ಟ್ರೀಯ ರೂಟ್‌ಗೆ ಸೆಕ್ಷನ್ ಅಂತ ಹೆಸರು, ಅದರ ಕೆಳಗೆ ಎರಡು ಪ್ಯಾರಾಗ್ರಾಫ್ ಎಲಿಮೆಂಟ್, ಪ್ರತಿ ಪ್ಯಾರಾಗ್ರಾಫಿನ ಕೆಳಗೆ ಕಂಟೆಂಟ್ ಅನ್ನುವ ಲೀಫ್. ಸ್ಟೈಲ್ ಏನೂ ಕೊಟ್ಟಿಲ್ಲದಿದ್ದರೆ ಒಂದು ಪ್ಯಾರಾಗೆ ಒಂದೇ ಲೀಫ್.

ಈಗ "ಬೆಳಗ್ಗೆ ಸಭೆ" ಅನ್ನುವುದನ್ನು ಬೋಲ್ಡ್ ಮಾಡಿ. ಅದು 5ರಿಂದ 16. ಇದ್ದ ಒಂದು ಲೀಫ್ ಮೂರಾಗುತ್ತದೆ: 0–5 ಸಾದಾ, 5–16 ಬೋಲ್ಡ್, 16–21 ಸಾದಾ. ಅಕ್ಷರಗಳ ಸಾಲು ಒಂದಿಷ್ಟೂ ಅಲುಗಾಡಿಲ್ಲ. ಬದಲಾದದ್ದು ಟ್ರೀ ಮಾತ್ರ.

ಇಲ್ಲಿ ನಿಮಗೆ ಒಂದು ಅನುಮಾನ ಬರಬೇಕು. ಯಾರೋ ಡಾಕ್ಯುಮೆಂಟಿನ ಮೊದಲಿಗೇ ಒಂದು ಅಕ್ಷರ ಒತ್ತಿದರೆ ಎಲ್ಲ ಸಂಖ್ಯೆಗಳೂ ಒಂದೊಂದು ಹೆಚ್ಚಾಗಬೇಕಲ್ಲ? ದೊಡ್ಡ ಡಾಕ್ಯುಮೆಂಟಿನಲ್ಲಿ ಸಾವಿರಾರು ಲೀಫ್ ಇರುತ್ತವೆ. ಪ್ರತಿ ಕೀಲಿ ಒತ್ತಿದಾಗಲೂ ಅಷ್ಟನ್ನೂ ತಿದ್ದುತ್ತಾ ಕೂರುವುದಾ?

ಇದಕ್ಕೆ ಸ್ವಿಂಗ್ ಬರೆದವರು ಕೊಟ್ಟ ಪರಿಹಾರ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಕ್ಷರಗಳ ಅರೇಯ ನಡುವೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಇದಕ್ಕೆ ಗ್ಯಾಪ್ ಅಂತ ಹೆಸರು, ಈಮ್ಯಾಕ್ಸ್ ಎಡಿಟರಿನಲ್ಲಿಯೂ ಇದೇ ಉಪಾಯ. ಊಟದ ಪಂಕ್ತಿಯಲ್ಲಿ ತಡವಾಗಿ ಬರುವವರಿಗೆ ಅಂತ ನಡುವೆ ಕೆಲವು ಎಲೆ ಖಾಲಿ ಬಿಟ್ಟರೆ, ಅವರು ಬಂದಾಗ ಉಳಿದವರು ಏಳಬೇಕಾಗಿಲ್ಲ, ಹಾಗೆ. ಟೈಪ್ ಮಾಡುವ ಜಾಗಕ್ಕೆ ಗ್ಯಾಪ್ ಸರಿಸಿಟ್ಟುಕೊಂಡರೆ ಹೊಸ ಅಕ್ಷರ ಅಲ್ಲೇ ತುಂಬಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಚೆಂದ ಇರುವುದು ಮುಂದೆ. ಲೀಫ್ ಎಲಿಮೆಂಟ್ ತನ್ನ ಶುರು ಮತ್ತು ಕೊನೆಯನ್ನು ಬರೀ ಸಂಖ್ಯೆಯಾಗಿ ಇಟ್ಟುಕೊಂಡಿಲ್ಲ. ಪೊಸಿಷನ್ ಅನ್ನುವ ಆಬ್ಜೆಕ್ಟ್ ಆಗಿ ಇಟ್ಟುಕೊಂಡಿದೆ. ಆ ಪೊಸಿಷನ್ ನೆನಪಿಡುವುದು ಅರೇಯ ನಿಜವಾದ ಇಂಡೆಕ್ಸ್, ಅಂದರೆ ಗ್ಯಾಪ್ ಕೂಡ ಸೇರಿಸಿಕೊಂಡ ಲೆಕ್ಕ. ನಮ್ಮ ಉದಾಹರಣೆಯಲ್ಲಿ ಗ್ಯಾಪ್ 13ನೇ ಜಾಗದಲ್ಲಿದೆ, ಅದರ ಅಗಲ 10 ಅಂದುಕೊಳ್ಳಿ. ಬೋಲ್ಡ್ ಲೀಫ್ ಮುಗಿಯುವ 16 ಅನ್ನುವ ಜಾಗ ಗ್ಯಾಪಿನ ಆಚೆ ಇದೆ, ಹಾಗಾಗಿ ಒಳಗಡೆ ಅದು 26 ಅಂತ ಬರೆದಿರುತ್ತದೆ. ಯಾರಾದರೂ "ನೀನು ಎಲ್ಲಿದ್ದೀಯ" ಅಂತ ಕೇಳಿದರೆ ಗ್ಯಾಪಿನ ಅಗಲ ಕಳೆದು, 26ರಲ್ಲಿ 10 ಹೋದರೆ 16 ಅಂತ ಹೇಳುತ್ತದೆ. ಈಗ 13ನೇ ಜಾಗದಲ್ಲಿ ಮೂರು ಅಕ್ಷರ ಟೈಪ್ ಮಾಡಿ. ಗ್ಯಾಪಿನ ಅಗಲ 7ಕ್ಕೆ ಇಳಿಯಿತು. ಅದೇ ಪೊಸಿಷನ್ ಅನ್ನು ಮತ್ತೆ ಕೇಳಿ: 26ರಲ್ಲಿ 7 ಹೋದರೆ 19. ಸರಿಯಾದ ಉತ್ತರ! ಯಾರೂ ಅದನ್ನು ಮುಟ್ಟಿಲ್ಲ. ಒಂದು ಸಂಖ್ಯೆಯನ್ನೂ ತಿದ್ದಿಲ್ಲ. ಗ್ಯಾಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಾಗ ಮಾತ್ರ, ಆ ನಡುವೆ ಸಿಕ್ಕ ಪೊಸಿಷನ್‌ಗಳನ್ನು ತಿದ್ದಿದರೆ ಸಾಕು. ಸುಮ್ನೆ ಟೈಪ್ ಮಾಡುತ್ತಾ ಹೋಗುವಾಗ, ಗ್ಯಾಪ್ ತುಂಬಿ ಅರೇಯನ್ನು ದೊಡ್ಡದು ಮಾಡಬೇಕಾಗಿ ಬರುವವರೆಗೆ, ಅದೂ ಬೇಕಿಲ್ಲ.

ಇನ್ನು ಪ್ಯಾರಾಗ್ರಾಫ್, ಸೆಕ್ಷನ್ ಥರದ ಬ್ರಾಂಚ್ ಎಲಿಮೆಂಟ್‌ಗಳಿಗೆ ಸ್ವಂತ ಪೊಸಿಷನ್ನೇ ಇಲ್ಲ. ಶುರು ಎಲ್ಲಿ ಅಂದರೆ ಮೊದಲ ಮಗುವನ್ನು ಕೇಳುತ್ತವೆ, ಕೊನೆ ಎಲ್ಲಿ ಅಂದರೆ ಕೊನೆಯ ಮಗುವನ್ನು ಕೇಳುತ್ತವೆ. ಒಂದೇ ಇಂಟರ್‌ಫೇಸ್, ಎರಡು ಕ್ಲಾಸ್ (ಆಬ್ಜೆಕ್ಟ್‌ಗಳನ್ನು ತಯಾರಿಸುವ ಅಚ್ಚು), ಎರಡರ ಉತ್ತರ ಹುಟ್ಟುವ ಬಗೆ ಬೇರೆ ಬೇರೆ. ಇದೇ ಪಾಲಿಮಾರ್ಫಿಸಂ. ಅದು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ನಾಯಿ ಬೆಕ್ಕು ಬಿಟ್ಟು ಇದನ್ನು ತೋರಿಸುತ್ತೇನೆ.

ಈಗ ಸ್ಟೈಲ್‌ಗೆ ಬರೋಣ. ಅದೇ ವಾಕ್ಯದಲ್ಲಿ "ಬೆಳಗ್ಗೆ ಸಭೆ" ಬೋಲ್ಡ್ ಆಗಿದೆ. ಈಗ "ಸಭೆ ಇದೆ" ಅನ್ನುವುದನ್ನು ಇಟಾಲಿಕ್ ಮಾಡಿ. 'ಸಭೆ' ಎರಡಕ್ಕೂ ಸೇರಿತು. ಬಳಸುವವರಿಗೆ ಇದು ಏನೂ ವಿಶೇಷ ಅಲ್ಲ, ಎರಡು ಸಲ ಮೌಸ್ ಎಳೆದರೆ ಆಯಿತು. ಆದರೆ ಬೋಲ್ಡ್ ಒಂದು ನೋಡ್, ಇಟಾಲಿಕ್ ಒಂದು ನೋಡ್ ಅಂತ ಟ್ರೀ ಕಟ್ಟಿದವರಿಗೆ ಇಲ್ಲಿಂದ ಕಷ್ಟ ಶುರು. ಟ್ರೀಯಲ್ಲಿ ಒಂದು ನೋಡ್‌ಗೆ ಒಬ್ಬರೇ ಪೇರೆಂಟ್. ಒಂದರೊಳಗೆ ಒಂದು ಕೂರಬಹುದು, ಅರ್ಧ ಒಳಗೆ ಅರ್ಧ ಹೊರಗೆ ಕೂರುವ ಹಾಗಿಲ್ಲ. ಹಾಗಾಗಿ ಇಟಾಲಿಕ್ ನೋಡನ್ನು ಎರಡು ತುಂಡು ಮಾಡಬೇಕು: ಬೋಲ್ಡಿನ ಒಳಗೆ 'ಸಭೆ'ಗೆ ಒಂದು, ಹೊರಗೆ ' ಇದೆ'ಗೆ ಇನ್ನೊಂದು. ಇಟಾಲಿಕ್ಕನ್ನು ಇಡಿಯಾಗಿ ಇಟ್ಟು ಬೋಲ್ಡನ್ನು ತುಂಡು ಮಾಡಿದರೂ ನಡೆಯುತ್ತದೆ. ಅಂದರೆ ಕಣ್ಣಿಗೆ ಒಂದೇ ಥರ ಕಾಣುವ ವಾಕ್ಯಕ್ಕೆ ಹಲವು ಟ್ರೀಗಳು. ಎರಡು ಡಾಕ್ಯುಮೆಂಟ್ ಒಂದೇನಾ ಅಂತ ಹೋಲಿಸಿ ನೋಡುವುದೂ ಕಷ್ಟವಾಗುತ್ತದೆ.

ಬ್ರೌಸರಿನ ಡಾಮ್, ಅಂದರೆ ಅದು ವೆಬ್ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಟ್ರೀ, ಹೀಗೇ ಇದೆ. ಅದರ ಮೊದಲ ಹಂತದ ಶಿಫಾರಸು ಬಂದದ್ದು ಅಕ್ಟೋಬರ್ 1998ರಲ್ಲಿ. ಸ್ವಿಂಗ್ ಸೇರಿಸಿಕೊಂಡ ಜಾವಾ 1.2 ಬಂದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಒಂದೇ ಪ್ರಶ್ನೆಗೆ ಎರಡೇ ತಿಂಗಳ ಅಂತರದಲ್ಲಿ ಎರಡು ಬೇರೆ ಉತ್ತರ. ಡಾಮ್‌ನಲ್ಲಿ ಪಠ್ಯ ಕೂಡ ಟ್ರೀಯ ಒಳಗಿನ ನೋಡ್, ಬೋಲ್ಡ್ ಕೂಡ ನೋಡ್. ಇದರಿಂದ ಏನಾಗುತ್ತದೆ ನೋಡಿ. ನಮ್ಮ ವಾಕ್ಯದಲ್ಲಿ 'ಸಭೆ' ಮುಗಿದ ತಕ್ಷಣ ಕರ್ಸರ್ ಇದೆ. ಅದರ ವಿಳಾಸ ಏನು? 'ಸಭೆ' ಟೆಕ್ಸ್ಟ್ ನೋಡಿನ ಕೊನೆ ಅನ್ನಬಹುದು. ಒಳಗಿನ ಇಟಾಲಿಕ್ಕಿನ ಕೊನೆ ಅನ್ನಬಹುದು. ಬೋಲ್ಡಿನ ಕೊನೆ ಅನ್ನಬಹುದು. ಪ್ಯಾರಾದಲ್ಲಿ ಬೋಲ್ಡ್ ಮತ್ತು ಎರಡನೇ ಇಟಾಲಿಕ್ಕಿನ ನಡುವೆ ಅನ್ನಬಹುದು. ಎರಡನೇ ಇಟಾಲಿಕ್ಕಿನ ಶುರು ಅನ್ನಬಹುದು. ಅದರೊಳಗಿನ ಟೆಕ್ಸ್ಟ್ ನೋಡಿನ ಶುರು ಅನ್ನಬಹುದು. ಪರದೆಯ ಮೇಲೆ ಒಂದೇ ಗೆರೆ, ಆರು ವಿಳಾಸ! ಅಲ್ಲಿ ಒಂದು ಅಕ್ಷರ ಒತ್ತಿದರೆ ಅದು ಬೋಲ್ಡ್ ಆಗಬೇಕಾ, ಇಟಾಲಿಕ್ ಆಗಬೇಕಾ, ಎರಡೂ ಆಗಬೇಕಾ ಅನ್ನುವುದು ಕರ್ಸರ್ ಈ ಆರರಲ್ಲಿ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಬ್ರೌಸರಿನ ಒಳಗೆ ಎಡಿಟರ್ ಬರೆಯಲು ಹೋದವರಿಗೆಲ್ಲ ಇದರ ಬಿಸಿ ತಟ್ಟಿದೆ. ಟ್ಯಾಗ್‌ಗಳನ್ನು ಅಡ್ಡಾದಿಡ್ಡಿ ಮುಚ್ಚಿದ ಪುಟಗಳನ್ನು ಸರಿಪಡಿಸಲು ಎಚ್‌ಟಿಎಂಎಲ್ 5ರ ಸ್ಪೆಸಿಫಿಕೇಷನ್ನಿನಲ್ಲಿ ಅಡಾಪ್ಷನ್ ಏಜೆನ್ಸಿ ಅಂತ ಒಂದು ಪ್ರತ್ಯೇಕ ಅಲ್ಗಾರಿದಮ್ಮನ್ನೇ ಬರೆದಿಡಬೇಕಾಯಿತು.

ಸ್ವಿಂಗಿನಲ್ಲಿ ಅದೇ ಕರ್ಸರಿನ ವಿಳಾಸ 16. ಅಷ್ಟೇ. ಲೀಫ್‌ಗಳು ಐದಾಗುತ್ತವೆ: 0–5 ಸಾದಾ, 5–13 ಬೋಲ್ಡ್, 13–16 ಬೋಲ್ಡ್ ಮತ್ತು ಇಟಾಲಿಕ್, 16–20 ಇಟಾಲಿಕ್, 20–21 ಸಾದಾ. ಬೋಲ್ಡ್ ಅನ್ನುವುದು ನೋಡ್ ಅಲ್ಲ, ಲೀಫಿನ ಮೇಲಿರುವ ಆಟ್ರಿಬ್ಯೂಟ್. ಒಂದು ಲೀಫಿಗೆ ಎಷ್ಟು ಆಟ್ರಿಬ್ಯೂಟ್ ಬೇಕಾದರೂ ಇರಬಹುದು, ಅವುಗಳಲ್ಲಿ ಯಾವುದು ಯಾವುದರ ಒಳಗೆ ಅನ್ನುವ ಪ್ರಶ್ನೆ ಏಳುವುದೇ ಇಲ್ಲ. ಸ್ವಿಂಗಿನಲ್ಲಿ ಎಚ್‌ಟಿಎಂಎಲ್ ಫೈಲ್ ತೆರೆದರೂ ಹೀಗೇ. ಪ್ಯಾರಾ, ಟೇಬಲ್, ಪಟ್ಟಿ ಇವೆಲ್ಲ ಎಲಿಮೆಂಟ್ ಆಗುತ್ತವೆ, ಬೋಲ್ಡ್ ಟ್ಯಾಗ್ ಮಾತ್ರ ಕರಗಿ ಲೀಫಿನ ಆಟ್ರಿಬ್ಯೂಟ್ ಆಗುತ್ತದೆ.

ನನ್ನ ಅಭಿಪ್ರಾಯ ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಟ್ರೀ ಇರಬೇಕಾದದ್ದು ರಚನೆಗೆ. ಅಧ್ಯಾಯದೊಳಗೆ ಪ್ಯಾರಾ, ಟೇಬಲ್ಲಿನೊಳಗೆ ಸಾಲು, ಸಾಲಿನೊಳಗೆ ಕೋಶ, ಇವು ನಿಜವಾಗಿಯೂ ಒಂದರೊಳಗೆ ಒಂದು ಇರುವ ವಸ್ತುಗಳು. ನೋಟಕ್ಕೆ ಸಂಬಂಧಿಸಿದ್ದೆಲ್ಲ ಲೀಫಿನ ಮಟ್ಟದಲ್ಲಿ ಚಪ್ಪಟೆಯಾಗಿ ಇರಬೇಕು. ಇದು ನನ್ನೊಬ್ಬನ ಮಾತಲ್ಲ. ವರ್ಡ್‌ನ ಡಾಕ್ಸ್ ಫೈಲನ್ನು ಜಿಪ್ ಬಿಚ್ಚಿ ನೋಡಿ. ಅದು 2006ರಲ್ಲಿ ಎಕ್ಮಾ 376 ಅನ್ನುವ ಮಾನದಂಡವಾಯಿತು. ಅದರಲ್ಲಿ ಪ್ಯಾರಾ, ಪ್ಯಾರಾದೊಳಗೆ ರನ್, ರನ್ನಿನೊಳಗೆ ಪಠ್ಯ. ಬೋಲ್ಡ್ ಅನ್ನುವುದು ರನ್ನಿನ ಗುಣ, ರನ್ನಿನೊಳಗೆ ರನ್ ಇಲ್ಲ. ಇನ್ನು ಬ್ರೌಸರಿನಲ್ಲಿ ಓಡುವ ಪ್ರೋಸ್‌ಮಿರರ್ ಎಡಿಟರ್ ನೋಡಿ. ಕೆಳಗೆ ಡಾಮ್ ಇದ್ದರೂ ಅದು ತನ್ನದೇ ಬೇರೆ ಡಾಕ್ಯುಮೆಂಟ್ ಇಟ್ಟುಕೊಳ್ಳುತ್ತದೆ. ಅದರಲ್ಲಿ ಬ್ಲಾಕ್‌ಗಳು ಟ್ರೀ, ಪ್ಯಾರಾದ ಒಳಗಿನ ಪಠ್ಯ ಚಪ್ಪಟೆ ಸಾಲು, ಬೋಲ್ಡ್ ಇಟಾಲಿಕ್‌ಗಳು ಆ ಪಠ್ಯದ ಮೇಲಿನ ಮಾರ್ಕ್‌ಗಳು. ಮೂರು ಬೇರೆ ಬೇರೆ ಜನ, ಬೇರೆ ಬೇರೆ ಕಾಲ, ಬೇರೆ ಭಾಷೆ. ಬಂದು ನಿಂತದ್ದು ಒಂದೇ ಜಾಗದಲ್ಲಿ.

ಆಟ್ರಿಬ್ಯೂಟ್‌ಗಳ ಬಗ್ಗೆ ಎರಡು ಮಾತು. ಒಂದು ಲೀಫನ್ನು "ನಿನ್ನ ಫಾಂಟ್ ಸೈಜ್ ಎಷ್ಟು" ಅಂತ ಕೇಳಿದಾಗ ಅದರ ಹತ್ತಿರ ಉತ್ತರ ಇಲ್ಲದಿದ್ದರೆ ಪೇರೆಂಟ್ ಪ್ಯಾರಾವನ್ನು ಕೇಳುತ್ತದೆ, ಅಲ್ಲೂ ಇಲ್ಲದಿದ್ದರೆ ಪ್ಯಾರಾಗೆ ಕೊಟ್ಟಿರುವ ಹೆಸರಿನ ಸ್ಟೈಲನ್ನು ಕೇಳುತ್ತದೆ. ಹೆಡಿಂಗ್ ಸ್ಟೈಲಿನಲ್ಲಿ ಒಂದು ಕಡೆ ಸೈಜ್ ಬದಲಿಸಿದರೆ ಎಲ್ಲ ಹೆಡಿಂಗ್‌ಗಳೂ ಬದಲಾಗುವುದು ಇದರಿಂದಲೇ. ಇಲ್ಲಿ ಕ್ಲಾಸ್ ಇನ್ಹೆರಿಟೆನ್ಸ್ (ಒಂದು ಕ್ಲಾಸಿನ ಗುಣಗಳನ್ನು ಅದರ ಸಬ್‌ಕ್ಲಾಸ್ ಪಡೆಯುವುದು) ಏನೂ ಇಲ್ಲ, ಒಂದು ಆಬ್ಜೆಕ್ಟ್ ಇನ್ನೊಂದನ್ನು ಕೇಳುತ್ತದೆ ಅಷ್ಟೇ. ಹೆಡಿಂಗ್‌ಗೆ ಒಂದು ಸಬ್‌ಕ್ಲಾಸ್, ಉಲ್ಲೇಖಕ್ಕೆ ಒಂದು ಸಬ್‌ಕ್ಲಾಸ್ ಅಂತ ಮಾಡಲು ಕೈ ತುರಿಸುತ್ತದೆ. ಮಾಡಬೇಡಿ. ಬಳಸುವವರು ಮೆನುವಿನಲ್ಲಿ ಒತ್ತಿ ಸಾದಾ ಪ್ಯಾರಾವನ್ನು ಹೆಡಿಂಗ್ ಮಾಡುತ್ತಾರೆ. ಒಂದು ಆಬ್ಜೆಕ್ಟ್ ಹುಟ್ಟಿದ ಮೇಲೆ ಅದರ ಕ್ಲಾಸ್ ಬದಲಾಗುವುದಿಲ್ಲ, ಆಟ್ರಿಬ್ಯೂಟ್ ಬದಲಾಗಬಹುದು. ಎರಡನೆಯದು, ಒಂದೇ ಥರದ ಆಟ್ರಿಬ್ಯೂಟ್ ಗುಂಪುಗಳನ್ನು ಸ್ವಿಂಗ್ ಹಂಚಿಕೊಳ್ಳುತ್ತದೆ. ಸಾವಿರ ಕಡೆ 12 ಪಾಯಿಂಟ್ ಬೋಲ್ಡ್ ಇದ್ದರೂ ಅದರ ಆಬ್ಜೆಕ್ಟ್ ಒಂದೇ ಇರುವ ಹಾಗೆ ನೋಡಿಕೊಳ್ಳುತ್ತದೆ. ಕಾಲ್ಡರ್ ಮತ್ತು ಲಿಂಟನ್ ಅಕ್ಷರವನ್ನು ಹಂಚಿದರು, ಇವರು ಸ್ಟೈಲನ್ನು ಹಂಚಿದರು.

ಎಂಟರ್ ಕೀ ಒತ್ತಿದಾಗ ಏನಾಗುತ್ತದೆ ಅನ್ನುವುದು ಒಂದು ಒಳ್ಳೆಯ ಪರೀಕ್ಷೆ. ಅಕ್ಷರಗಳ ಸಾಲಿಗೆ ಒಂದು ನ್ಯೂಲೈನ್ ಸೇರುತ್ತದೆ, ಅದು ಸಣ್ಣ ಕೆಲಸ. ಆದರೆ ಟ್ರೀಯಲ್ಲಿ ಒಂದು ಪ್ಯಾರಾ ಸೀಳಿ ಎರಡಾಗಬೇಕು, ಕರ್ಸರ್ ಇದ್ದ ಲೀಫ್ ಕೂಡ ಸೀಳಬೇಕು, ಆಚೆಗಿನ ಲೀಫ್‌ಗಳು ಹೊಸ ಪ್ಯಾರಾದ ಕೆಳಗೆ ಹೋಗಬೇಕು. ಸ್ವಿಂಗಿನ ಕೋಡಿನಲ್ಲಿ ಇದಕ್ಕೆ ಫ್ರ್ಯಾಕ್ಚರ್ ಅಂತಲೇ ಹೆಸರು. ಎಲ್ಲ ಮುಗಿದ ಮೇಲೆ ಡಾಕ್ಯುಮೆಂಟ್ ಒಂದು ಈವೆಂಟ್ ಕಳಿಸುತ್ತದೆ. ಅದರಲ್ಲಿ ಯಾವ ಎಲಿಮೆಂಟಿನ ಕೆಳಗೆ ಯಾವ ಮಕ್ಕಳು ಹೋದವು, ಯಾವುವು ಬಂದವು ಅನ್ನುವ ಪಟ್ಟಿ ಇರುತ್ತದೆ. ಅದೇ ಪಟ್ಟಿಯನ್ನು ಹಿಂದುಮುಂದಾಗಿ ಓಡಿಸಿದರೆ ಅನ್‌ಡೂ! ಪರದೆಗೆ ಬರೆಯುವ ಭಾಗವೂ ಅದೇ ಪಟ್ಟಿ ನೋಡಿ, ಬದಲಾದ ಪ್ಯಾರಾವನ್ನು ಮಾತ್ರ ಮತ್ತೆ ಬರೆಯುತ್ತದೆ. ಪರದೆಯದ್ದು ಬೇರೆಯೇ ಟ್ರೀ, ವ್ಯೂ ಟ್ರೀ ಅಂತ. ಪ್ಯಾರಾ ಮೂರು ಸಾಲಿಗೆ ಮಡಚಿಕೊಂಡರೆ ಆ ಸಾಲುಗಳು ವ್ಯೂನಲ್ಲಿ ಮಾತ್ರ ಇರುತ್ತವೆ, ಎಲಿಮೆಂಟ್ ಟ್ರೀಗೆ ಅವುಗಳ ಸುದ್ದಿಯೇ ಗೊತ್ತಿಲ್ಲ. ಕಿಟಕಿ ಅಗಲ ಮಾಡಿದರೆ ಡಾಕ್ಯುಮೆಂಟ್ ಬದಲಾಗಬಾರದಲ್ವಾ?

ಪಠ್ಯ ಒಂದು ಕಡೆ, ಟ್ರೀ ಒಂದು ಕಡೆ ಇಟ್ಟಿದ್ದರಿಂದ ಇನ್ನೊಂದು ಲಾಭ ಇದೆ. ಒಂದೇ ಪಠ್ಯದ ಮೇಲೆ ಎಷ್ಟು ಟ್ರೀ ಬೇಕಾದರೂ ಕಟ್ಟಬಹುದು. ಸ್ವಿಂಗಿನಲ್ಲಿ ಈಗಾಗಲೇ ಎರಡು ರೂಟ್ ಇವೆ. ಎರಡನೆಯದು ಎಡದಿಂದ ಬಲಕ್ಕೆ ಮತ್ತು ಬಲದಿಂದ ಎಡಕ್ಕೆ ಹರಿಯುವ ತುಂಡುಗಳನ್ನು ಗುರುತಿಡುತ್ತದೆ. ಕನ್ನಡದ ನಡುವೆ ಒಂದು ಉರ್ದು ಸಾಲು ಬಂದರೆ ಅದು ಕೆಲಸಕ್ಕೆ ಬರುತ್ತದೆ. ಪಠ್ಯ ಟ್ರೀಯ ಒಳಗೇ ಸಿಕ್ಕಿಕೊಂಡಿದ್ದರೆ ಇದು ಸುಲಭವಾಗಿ ಆಗುತ್ತಿರಲಿಲ್ಲ.

ಈಗ ನಮ್ಮ ಲಿಪಿಗೆ ಬರುತ್ತೇನೆ. ಈ ರಚನೆ ಕನ್ನಡದಲ್ಲಿ ಎಲ್ಲಿ ನೋಯಿಸುತ್ತದೆ ಅನ್ನುವುದನ್ನು ಹೇಳದೆ ಹೋದರೆ ಈ ಉಪನ್ಯಾಸ ಅರ್ಧವೇ.

'ಅಕ್ಕ' ಅನ್ನುವ ಪದ ತೆಗೆದುಕೊಳ್ಳಿ. ನಮಗೆ ಎರಡು ಅಕ್ಷರ. ಅರೇಯಲ್ಲಿ ನಾಲ್ಕು: ಅ, ಕ, ಹಲಂತ, ಕ. ಈಗ ಒಬ್ಬರು 'ಕ' ಹುಡುಕಿ, ಸಿಕ್ಕಿದ್ದಕ್ಕೆಲ್ಲ ಕೆಂಪು ಬಣ್ಣ ಕೊಡುವ ಕೋಡ್ ಬರೆದರು. ಹುಡುಕಾಟಕ್ಕೆ 1–2 ಸಿಕ್ಕಿತು. ಅದಕ್ಕೆ ಬಣ್ಣ ಕೊಟ್ಟ ಕೂಡಲೇ ಲೀಫ್ ಅಲ್ಲಿ ಸೀಳಿತು. ಮುಂದಿನ ಲೀಫ್ ಹಲಂತದಿಂದ ಶುರುವಾಗುತ್ತದೆ. ಪ್ರತಿ ಲೀಫಿಗೂ ಬೇರೆ ವ್ಯೂ, ಪ್ರತಿ ವ್ಯೂ ತನ್ನ ತುಂಡನ್ನು ಮಾತ್ರ ಫಾಂಟಿಗೆ ಕೊಡುತ್ತದೆ. ಫಾಂಟಿನ ಕಡೆಯಿಂದ ನೋಡಿದರೆ ಹಿಂದೆ ಯಾವ ವ್ಯಂಜನವೂ ಇಲ್ಲದ ಅನಾಥ ಹಲಂತ ಒಂದು ಬಂದಿದೆ. ಹಾಗಾಗಿ ಪರದೆಯ ಮೇಲೆ ಒತ್ತಕ್ಷರ ಹೋಗಿ ಚುಕ್ಕೆ ಚುಕ್ಕೆಯ ವೃತ್ತ ಬಂದು ಕೂರುತ್ತದೆ. ಪಠ್ಯ ಸರಿಯಾಗಿಯೇ ಇದೆ, ಅರೇಯಲ್ಲಿ ಒಂದಕ್ಷರವೂ ಕೆಟ್ಟಿಲ್ಲ. ಟ್ರೀಯ ಗೆರೆ ಬೀಳಬಾರದ ಜಾಗದಲ್ಲಿ ಬಿದ್ದಿದೆ. ಅರ್ಕಾವತ್ತಿನಲ್ಲಿ ಇನ್ನೂ ಜಾಸ್ತಿ ಗೊಂದಲ. 'ಸೂರ್ಯ'ದಲ್ಲಿ ರ ಮೊದಲು ಇರುತ್ತದೆ, ಪರದೆಯ ಮೇಲೆ ಅದರ ಗುರುತು ಯ ಆದ ಮೇಲೆ ಬರುತ್ತದೆ.

ಹಾಗಾಗಿ ಕನ್ನಡಕ್ಕೆ ಎಡಿಟರ್ ಬರೆಯುವವರು ಲೀಫ್ ಸೀಳುವ ಮೊದಲು ಜಾಗ ಸರಿಯಾ ಅಂತ ಕೇಳಲೇಬೇಕು. ಇದಕ್ಕೆ ಯೂನಿಕೋಡಿನ ಗ್ರಾಫೀಮ್ ಕ್ಲಸ್ಟರ್ ನಿಯಮ (ಓದುವವರಿಗೆ ಒಂದೇ ಅಕ್ಷರವಾಗಿ ಕಾಣುವ ಕ್ಯಾರೆಕ್ಟರ್‌ಗಳನ್ನು ಒಟ್ಟಿಗೆ ಹಿಡಿಯುವ ನಿಯಮ) ಸಾಕಲ್ಲವಾ ಅಂತ ನೀವು ಕೇಳಬಹುದು. ಸಾಲದು. ಒತ್ತಕ್ಷರವನ್ನು ಒಂದೇ ತುಂಡಾಗಿ ಹಿಡಿದಿಡುವ ನಿಯಮವನ್ನು 2023ರ ಯೂನಿಕೋಡ್ 15.1ರಲ್ಲಿ ಸೇರಿಸಿದರು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಆ ನಿಯಮವನ್ನು ನಂಬಿದ ಲೈಬ್ರರಿ 'ಕ್ಷ'ವನ್ನು 'ಕ್' ಮತ್ತು 'ಷ' ಅಂತ ಎರಡು ಮಾಡುತ್ತದೆ. ನಮ್ಮ ನಿಯಮ ನಾವೇ ಬರೆದುಕೊಳ್ಳಬೇಕು. ಕಷ್ಟ ಏನಿಲ್ಲ. ಮುಂದಿನ ಕ್ಯಾರೆಕ್ಟರ್ ಗುಣಿತದ ಚಿಹ್ನೆ, ಹಲಂತ, ಅನುಸ್ವಾರ ಅಥವಾ ವಿಸರ್ಗ ಆಗಿದ್ದರೆ ಅಲ್ಲಿ ಸೀಳಬೇಡಿ. ಹಿಂದಿನದು ಹಲಂತ, ಮುಂದಿನದು ವ್ಯಂಜನ ಆಗಿದ್ದರೂ ಸೀಳಬೇಡಿ. 'ಸಾಫ್ಟ್‌ವೇರ್' ಅನ್ನುವಲ್ಲಿ ಟ ಮತ್ತು ವ ಕೂಡದಿರಲಿ ಅಂತ ನಾವು ಬೇಕೆಂದೇ ಹಾಕುವ, ಕಣ್ಣಿಗೆ ಕಾಣದ ಕ್ಯಾರೆಕ್ಟರ್ ಒಂದಿದೆಯಲ್ಲ, ಅದು ಆದ ಮೇಲೆ ಸೀಳಬಹುದು. 'ರ‍್ಯಾಂಕ್' ಬರೆಯಲು ಬಳಸುವ ಜೋಡಿಸುವ ಕ್ಯಾರೆಕ್ಟರಿನ ಹಿಂದೆ ಮುಂದೆ ಎಲ್ಲೂ ಸೀಳಬಾರದು. ಇಷ್ಟನ್ನು ಒಂದು ಮೆಥಡ್ ಮಾಡಿ, ಆಟ್ರಿಬ್ಯೂಟ್ ಕೊಡುವ ದಾರಿಯಲ್ಲೇ ಕೂರಿಸಿ.

ಹುಡುಕಿದ್ದನ್ನು ಎತ್ತಿ ತೋರಿಸುವ ಬಣ್ಣವಂತೂ ಟ್ರೀಯೊಳಗೆ ಬರಲೇಬಾರದು. ಅದು ಡಾಕ್ಯುಮೆಂಟಿನ ಭಾಗ ಅಲ್ಲ, ನೋಡುವವರ ಅನುಕೂಲ. ಸ್ವಿಂಗಿನಲ್ಲಿ ಅದಕ್ಕೆ ಹೈಲೈಟರ್ ಅಂತ ಬೇರೆ ಪದರವೇ ಇದೆ. ಅದು ಲೀಫ್ ಸೀಳುವುದಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಮಾತ್ರ ಚೆನ್ನಾಗಿ ಅರ್ಥವಾಗುವಂಥದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಅನ್ನುವ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ನಮ್ಮ ಕಚೇರಿ, ಪ್ರೆಸ್‌ಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಅರೇಯೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಕೋಡು. ಅದು ಕನ್ನಡವಾಗಿ ಕಾಣುವುದು ಫಾಂಟಿನಿಂದ. ಅಂದರೆ ಈ ಪಠ್ಯ ಕನ್ನಡ ಅನ್ನುವ ಮಾಹಿತಿ ಪಠ್ಯದಲ್ಲಿ ಇಲ್ಲವೇ ಇಲ್ಲ, ಅದು ಲೀಫಿನ ಫಾಂಟ್ ಆಟ್ರಿಬ್ಯೂಟಿನಲ್ಲಿ ಇದೆ! ಸ್ಟೈಲ್ ತೆಗೆದು ಸಾದಾ ಪಠ್ಯ ಮಾಡಿದರೆ ಕನ್ನಡ ಹೋಗಿ ಕಸ ಉಳಿಯುತ್ತದೆ. ಇಂಗ್ಲಿಷ್ ಬೆರೆತ ಫೈಲಿನಲ್ಲಿ ಯಾವ ತುಂಡು ಕನ್ನಡ, ಯಾವ ತುಂಡು ಇಂಗ್ಲಿಷ್ ಅಂತ ಹೇಳಬಲ್ಲದ್ದು ಆ ಒಂದು ಆಟ್ರಿಬ್ಯೂಟ್ ಮಾತ್ರ. ಹಾಗಾಗಿ ಹಳೆಯ ಫೈಲನ್ನು ಯೂನಿಕೋಡಿಗೆ ತರಬೇಕಾದರೆ ಟ್ರೀಯ ಲೀಫ್ ಲೀಫಿಗೂ ಹೋಗಿ ಫಾಂಟ್ ನೋಡಿ ಪರಿವರ್ತಿಸಬೇಕು. ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ನಡುವಿನ ಇಂಗ್ಲಿಷ್ ಪದಗಳೂ ಕನ್ನಡದ ಗೋಜಲಾಗುತ್ತವೆ. ತುಂಬಾ ಜನ ಹೀಗೆ ಮಾಡಿ, ಆಮೇಲೆ ಪುಟಗಟ್ಟಲೆ ಕೈಯಲ್ಲಿ ತಿದ್ದುತ್ತಾ ಕೂರುವುದನ್ನು ನಾನು ನೋಡಿದ್ದೇನೆ. ಅಷ್ಟು ಶ್ರಮ ಬೇಕಿಲ್ಲ, ಮಾಹಿತಿ ಫೈಲಿನಲ್ಲೇ ಇದೆ.

ಆದರೆ ಒಂದು ಎಚ್ಚರ. ವರ್ಡ್ ಫೈಲಿನಲ್ಲಿ ನೋಟ ಒಂದೇ ಇದ್ದರೂ ರನ್‌ಗಳು ಬೇರೆ ಬೇರೆ ಆಗಿರುತ್ತವೆ. ಯಾವ ಎರಡು ಸೇವ್‌ಗಳ ನಡುವೆ ಟೈಪ್ ಮಾಡಿದ್ದು ಅನ್ನುವ ಗುರುತನ್ನು ವರ್ಡ್ ರನ್ನಿನ ಮೇಲೆ ಹಾಕಿಡುತ್ತದೆ, ಆ ಗುರುತು ಬೇರೆಯಾದರೆ ರನ್ ಬೇರೆ. ಕಾಗುಣಿತ ತಪ್ಪಿನ ಗುರುತು ಕೂಡ ನಡುವೆ ಬಂದು ಕೂರುತ್ತದೆ. ಹಳೆಯ ಫಾಂಟಿನಲ್ಲಿ ಅಕ್ಷರದ ಮೈ ಒಂದು ಕೋಡು, ಒತ್ತು ಇನ್ನೊಂದು ಕೋಡು, ಅರ್ಕಾವತ್ತು ಮತ್ತೊಂದು. ಅವುಗಳ ನಡುವೆ ರನ್ ಮುರಿದಿದ್ದರೆ ಒಂದೊಂದನ್ನೇ ಪರಿವರ್ತಿಸಿದಾಗ ಅಕ್ಷರ ಒಡೆಯುತ್ತದೆ. ಆದ್ದರಿಂದ ಮೊದಲು ಪಕ್ಕಪಕ್ಕದ ಒಂದೇ ಫಾಂಟಿನ ರನ್‌ಗಳನ್ನು ಕೂಡಿಸಿ, ಬೋಲ್ಡ್ ಎಲ್ಲಿತ್ತು ಅನ್ನುವುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಪರಿವರ್ತಿಸಿ. ಕೊನೆಗೆ ಅಕ್ಷರದ ಗಡಿ ನೋಡಿ ಬೋಲ್ಡನ್ನು ಮತ್ತೆ ಹಚ್ಚಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಕೋಡಿನಿಂದ ಡಾಕ್ಸ್ ಫೈಲ್ ತಯಾರಿಸುವಾಗ ಕನ್ನಡಕ್ಕೆ ಫಾಂಟ್ ಕೊಟ್ಟರೂ ಹಿಡಿಯುವುದಿಲ್ಲ, ಯಾಕೆ? ಯಾಕೆಂದರೆ ರನ್ನಿನಲ್ಲಿ ಫಾಂಟ್ ಹೆಸರು ಒಂದೇ ಕಡೆ ಇರುವುದಿಲ್ಲ. ಆಸ್ಕಿ, ಹೈ ಆನ್ಸಿ, ಈಸ್ಟ್ ಏಷ್ಯಾ, ಸಿಎಸ್ ಅಂತ ನಾಲ್ಕು ಜಾಗ ಇವೆ. ಕನ್ನಡ ಕಾಂಪ್ಲೆಕ್ಸ್ ಸ್ಕ್ರಿಪ್ಟ್, ಅಂದರೆ ಸಿಎಸ್. ಬಹಳಷ್ಟು ಲೈಬ್ರರಿಗಳ ಸುಲಭದ ಮೆಥಡ್ ಮೊದಲ ಎರಡನ್ನು ಮಾತ್ರ ತುಂಬುತ್ತದೆ. ಸಿಎಸ್ ಜಾಗವನ್ನು ನೀವೇ ತುಂಬಿ. ಸೈಜಿಗೂ ಹಾಗೇ ಬೇರೆ ಸಿಎಸ್ ಟ್ಯಾಗ್ ಇದೆ.

ಇನ್ನೊಬ್ಬರದು: ದೊಡ್ಡ ಫೈಲಿಗೆ ಗ್ಯಾಪ್ ಸಾಕಾಗುತ್ತದಾ? ಕರ್ಸರ್ ಒಂದೇ ಇದ್ದು ಅಲ್ಲೇ ಸುತ್ತಮುತ್ತ ಟೈಪ್ ಮಾಡುವಾಗ ಸಾಕು. ಫೈಲಿನ ತುಂಬ ಅಲ್ಲಲ್ಲಿ ಬದಲಾವಣೆ ಆಗುವಾಗ ಗ್ಯಾಪ್ ಓಡಾಡಬೇಕಾಗುತ್ತದೆ. ವಿಎಸ್ ಕೋಡ್ ಎಡಿಟರ್ 2018ರಲ್ಲಿ ಪೀಸ್ ಟೇಬಲ್ಲಿನ ಟ್ರೀ ರೂಪಕ್ಕೆ ಹೋಯಿತು. ಅಲ್ಲಿ ಮೂಲ ಪಠ್ಯವನ್ನು ಮುಟ್ಟುವುದಿಲ್ಲ, ಯಾವ ತುಂಡು ಎಲ್ಲಿಂದ ಬಂತು ಅನ್ನುವ ಪಟ್ಟಿ ಮಾತ್ರ ಬದಲಾಗುತ್ತದೆ. ಎಲಿಮೆಂಟ್ ಟ್ರೀಗೆ ಕೆಳಗೆ ಯಾವುದಿದ್ದರೂ ಒಂದೇ. ಅದು ಕೇಳುವುದು ಪೊಸಿಷನ್ನನ್ನು ಮಾತ್ರ.

ಕೊನೆಯ ಪ್ರಶ್ನೆ ಬಂದದ್ದು ಶಾಲೆಯಲ್ಲಿ ಕನ್ನಡ ಕಲಿಸುವ ಒಬ್ಬ ಮೇಡಂ ಅವರಿಂದ. ಮಕ್ಕಳಿಗೆ ಒತ್ತಕ್ಷರ ಕಲಿಸುವಾಗ ಮೈ ಕಪ್ಪು, ಒತ್ತು ಕೆಂಪು ಬಣ್ಣದಲ್ಲಿ ತೋರಿಸಬೇಕು, ಆದರೆ ನೀವು ನಡುವೆ ಸೀಳಬೇಡಿ ಅನ್ನುತ್ತೀರಲ್ಲ ಅಂದರು. ಒಳ್ಳೆಯ ಪ್ರಶ್ನೆ, ಮತ್ತು ಅವರ ಅಗತ್ಯ ನಿಜವಾದದ್ದು. ಲೀಫ್ ಸೀಳಿ ಇದನ್ನು ಮಾಡಲು ಆಗುವುದಿಲ್ಲ. 'ಕ್ಕ' ಪೂರ್ತಿ ಒಂದೇ ಲೀಫಿನಲ್ಲಿ ಇರಲಿ, ಅದಕ್ಕೆ 'ಒತ್ತಿನ ಬಣ್ಣ' ಅಂತ ನಿಮ್ಮದೇ ಒಂದು ಆಟ್ರಿಬ್ಯೂಟ್ ಕೊಡಿ. ಆಮೇಲೆ ಆ ಲೀಫಿಗೆ ನಿಮ್ಮದೇ ವ್ಯೂ ಬರೆಯಿರಿ. ಅಕ್ಷರ ಜೋಡಣೆ ಪೂರ್ತಿ ಆದ ಮೇಲೆ ಫಾಂಟಿನಿಂದ ಬರುವ ಗ್ಲಿಫ್‌ಗಳನ್ನು (ಪರದೆಯ ಮೇಲೆ ಬರೆಯುವ ಆಕಾರಗಳನ್ನು) ಆ ವ್ಯೂ ಒಂದೊಂದಾಗಿ ನೋಡಬಹುದು, ಪ್ರತಿ ಗ್ಲಿಫ್ ಯಾವ ಕ್ಯಾರೆಕ್ಟರಿನಿಂದ ಬಂತು ಅಂತಲೂ ಕೇಳಬಹುದು. ಕನ್ನಡ ಫಾಂಟುಗಳಲ್ಲಿ ಒತ್ತು ಸಾಮಾನ್ಯವಾಗಿ ಬೇರೆಯೇ ಗ್ಲಿಫ್ ಆಗಿರುವುದರಿಂದ ಅದನ್ನು ಮಾತ್ರ ಕೆಂಪಾಗಿ ಬರೆಯಬಹುದು. ಜಾವಾದಲ್ಲಿ ಗ್ಲಿಫ್ ಪಡೆಯಲು ಎರಡು ಮೆಥಡ್ ಇವೆ: ಕ್ರಿಯೇಟ್‌ಗ್ಲಿಫ್‌ವೆಕ್ಟರ್ ಅಂತ ಒಂದು, ಲೇಔಟ್‌ಗ್ಲಿಫ್‌ವೆಕ್ಟರ್ ಅಂತ ಇನ್ನೊಂದು. ಮೊದಲನೆಯದು ಅಕ್ಷರ ಜೋಡಿಸುವುದಿಲ್ಲ, ಕನ್ನಡಕ್ಕೆ ಎರಡನೆಯದೇ ಬೇಕು.